ಕಕ್ಷಿದಾರನ ಸೋಲು, ವಕೀಲನ ಗೆಲುವು

ಅಮೆರಿಕದ ಪೌರತ್ವ ಕಾನೂನಿನ ಚರಿತ್ರೆಯಲ್ಲಿ ಸಖಾರಾಮ್ ಗಣೇಶ್ ಪಂಡಿತ್ ಅವರ ಹೆಸರು ಎರಡು ಕಡೆ ಬರುತ್ತದೆ: ಒಮ್ಮೆ ಸೋತ ವಕೀಲರಾಗಿ, ಇನ್ನೊಮ್ಮೆ ಗೆದ್ದ ಪ್ರತಿವಾದಿಯಾಗಿ. ಅಹಮದಾಬಾದಿನಲ್ಲಿ ಹುಟ್ಟಿದ ಅವರು 1906ರಲ್ಲಿ ಅಮೆರಿಕಕ್ಕೆ ಹೋದರು. 1914ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯ ಅವರಿಗೆ ಪೌರತ್ವ ಕೊಟ್ಟಿತು. 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ವಕೀಲಿಕೆಗೆ ಸನ್ನದು ಸಿಕ್ಕಿತು.

1790ರ ಕಾನೂನಿನಂತೆ ವಲಸಿಗರಲ್ಲಿ 'ಬಿಳಿಯರು' ಮಾತ್ರ ಪೌರರಾಗಬಹುದಿತ್ತು. 1870ರಲ್ಲಿ ಆಫ್ರಿಕಾ ಮೂಲದವರಿಗೂ ಆ ಹಕ್ಕು ಸಿಕ್ಕಿತು. ಭಾರತೀಯರು ಯಾವ ಸಾಲಿಗೆ ಸೇರಬೇಕು? ಒಂದೊಂದು ನ್ಯಾಯಾಲಯ ಒಂದೊಂದು ರೀತಿ ಹೇಳುತ್ತಿತ್ತು. ಈ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ ಪಂಜಾಬಿನ ಭಗತ್ ಸಿಂಗ್ ತಿಂದ್ ಅವರ ಪರ ನಿಂತವರು ಪಂಡಿತ್. ತಿಂದ್ ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯಲ್ಲಿದ್ದವರು. ಅವರು ಮೇಲ್ಜಾತಿಯ ಆರ್ಯರು, ಆದ್ದರಿಂದ ಬಿಳಿಯರು ಎಂಬುದು ವಾದ. ಜಾತಿಯ ಬೇಲಿಯೇ ರಕ್ತಶುದ್ಧಿಗೆ ಸಾಕ್ಷಿಯಾಯಿತು. ಇಂದು ಅದನ್ನು ಓದುವಾಗ ಮುಜುಗರವಾಗುತ್ತದೆ. 1923ರ ಫೆಬ್ರುವರಿಯಲ್ಲಿ ತೀರ್ಪು ಬಂತು: ಪಂಡಿತರ ಪಾಂಡಿತ್ಯ ಬೇಕಿಲ್ಲ, ಸಾಮಾನ್ಯ ಮನುಷ್ಯ ಯಾರನ್ನು ಬಿಳಿಯನೆನ್ನುತ್ತಾನೋ ಅವನೇ ಬಿಳಿಯ.

ಆ ತೀರ್ಪನ್ನೇ ಹಿಡಿದು ಸರ್ಕಾರ ಹಿಂದೆ ಕೊಟ್ಟಿದ್ದ ಪೌರತ್ವಗಳನ್ನೂ ಕಸಿಯಲು ಹೊರಟಿತು. ಪಂಡಿತ್ ಅವರ ಮೇಲೂ ದಾವೆ ಬಿತ್ತು. ಸೋತರೆ ವಕೀಲಿಕೆ ಹೋಗುತ್ತಿತ್ತು; ಅಮೆರಿಕದವರೇ ಆದ ಹೆಂಡತಿಯ ಪೌರತ್ವಕ್ಕೂ ಕುತ್ತು ಬರುತ್ತಿತ್ತು.

ಈ ಸಲ ಪಂಡಿತ್ ಬಣ್ಣವನ್ನು ನೆಚ್ಚಲಿಲ್ಲ. 1914ರಲ್ಲಿ ವಿಚಾರಣೆ ನಡೆದೇ ತೀರ್ಪಾಗಿದೆ. ಸರ್ಕಾರ ಆಗ ಮೇಲ್ಮನವಿ ಹೋಗಲಿಲ್ಲ. ಅದನ್ನು ನಂಬಿ ಬದುಕು ಕಟ್ಟಿಕೊಂಡಿದ್ದೇನೆ. ಇತ್ಯರ್ಥವಾದುದನ್ನು ಮತ್ತೆ ಕೆದಕುವಂತಿಲ್ಲ ಎಂದರು. 1926ರಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನು ಒಪ್ಪಿತು. 1927ರಲ್ಲಿ ಸುಪ್ರೀಂ ಕೋರ್ಟು ಸರ್ಕಾರದ ಅರ್ಜಿಯನ್ನು ವಿಚಾರಣೆಗೆ ತೆಗೆದುಕೊಳ್ಳಲಿಲ್ಲ. ಆಮೇಲೆ ಸರ್ಕಾರ ಇಂಥ ದಾವೆಗಳಿಂದ ಹಿಂದೆ ಸರಿಯಿತು.

ಎಲ್ಲರಿಗೂ ಈ ಗೆಲುವು ಒದಗಲಿಲ್ಲ. ಪೌರತ್ವ ಕಳೆದುಕೊಂಡಿದ್ದ ವೈಷ್ಣೋದಾಸ್ ಬಗಾಯ್ 1928ರಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರ ಕಾಯಿದೆಯಿಂದ.

ತಿಂದ್ ಪರವಾದ ವಾದ ಬೇಲಿಯನ್ನು ಒಪ್ಪಿಕೊಂಡು ಒಳಗೆ ಜಾಗ ಕೇಳಿತ್ತು. ಎರಡನೆಯ ವಾದಕ್ಕೆ ಯಾರ ಜಾತಿಯೂ ಬೇಕಾಗಲಿಲ್ಲ. ಕೊಟ್ಟ ಮಾತಿಗೆ ನಿಲ್ಲಿ ಎಂದು ಅದು ಸರ್ಕಾರವನ್ನು ಕೇಳಿತು. ಆದರೆ ಆ ಮಾತು ಸಿಕ್ಕಿದ್ದವರಿಗಷ್ಟೇ ಅದರ ಆಸರೆ. ಬೇಲಿ ಮುಂದೆಯೂ ಹಾಗೆಯೇ ನಿಂತಿತ್ತು.