ಗೋಡೆ ತೂರಿದ ಗುಂಡು

ಪಿನ್‌ಬಾಲ್ ಮೂಲತಃ ಮೇಜಿನ ಆಟ. ಇಳಿಜಾರು ಹಲಗೆಯ ಮೇಲೆ ಚಿಮ್ಮಿಸಿದ ಉಕ್ಕಿನ ಗುಂಡು ಕೆಳಗಿನ ಕಿಂಡಿಗೆ ಬೀಳದಂತೆ ಆಡಿಸುವುದೇ ಅದರ ಜಾಣ್ಮೆ. ಗುಂಡು ಚಿಮ್ಮಿಸುವ ಸ್ಪ್ರಿಂಗಿಗೆ ಮಾಂಟೇಗ್ ರೆಡ್‌ಗ್ರೇವ್ 1871ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಅದನ್ನು ಮತ್ತೆ ಮೇಲಕ್ಕೆ ಹೊಡೆಯುವ ಫ್ಲಿಪ್ಪರ್‌ಗಳು ಬಂದದ್ದು 1947ರಲ್ಲಿ.

ನಮ್ಮಲ್ಲಿ ಈ ಯಂತ್ರ ಕಂಡವರಿಗಿಂತ ಅದನ್ನು ಪರದೆಯ ಮೇಲೆ ಆಡಿದವರೇ ಹೆಚ್ಚು. 1995ರ 'ಸ್ಪೇಸ್ ಕೆಡೆಟ್' ಪಿನ್‌ಬಾಲ್ ಮುಂದೆ 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ಬಂತು. ಕಂಪ್ಯೂಟರು ಬೀದರಿನ ಮೈಲೂರಿನಲ್ಲಿರಲಿ, ಮೈಸೂರಿನಲ್ಲಿರಲಿ, ಇಂಟರ್ನೆಟ್ ಇಲ್ಲದೆಯೂ ಅದನ್ನು ಆಡಬಹುದಿತ್ತು.

2007ರಲ್ಲಿ ಮಾರುಕಟ್ಟೆಗೆ ಬಂದ ವಿಸ್ಟಾದಲ್ಲಿ ಮಾತ್ರ ಆಟ ಇರಲಿಲ್ಲ. ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2012ರಲ್ಲಿ ಕಾರಣ ವಿವರಿಸಿದರು. 64 ಬಿಟ್ ಕಂಪ್ಯೂಟರಿಗೆ ಒಗ್ಗಿಸುವಾಗ ಡಿಕ್ಕಿಯ ಲೆಕ್ಕ ತಪ್ಪಿ, ಗುಂಡು ಎದುರಿನ ವಸ್ತುಗಳನ್ನು ತಾಕದೆ ತೂರಿಹೋಗುತ್ತಿತ್ತು. ಹೊರಗಿನ ಕಂಪನಿ ಹಿಂದೆಂದೋ ಬರೆದ ಪ್ರೋಗ್ರಾಮಿನಲ್ಲಿ ವಿವರಣೆಯ ಟಿಪ್ಪಣಿಗಳಿರಲಿಲ್ಲ. ತಪ್ಪು ಎಲ್ಲಿದೆಯೆಂದು ತಿಳಿಯದೆ ಆಟವನ್ನೇ ಕೈಬಿಡಲಾಯಿತು.

ಮರದ ಯಂತ್ರ ಕೆಟ್ಟರೆ ಸ್ಪ್ರಿಂಗ್, ತಂತಿ ಬದಲಿಸಿದರಾಯಿತು. ಇಲ್ಲಿ ಸ್ಪ್ರಿಂಗೂ ಗುಂಡೂ ಗೋಡೆಯೂ ಎಲ್ಲವೂ ಲೆಕ್ಕವೇ. ಕೊನೆಗೆ, ಕಂಪ್ಯೂಟರಿಗಷ್ಟೇ ಅರ್ಥವಾಗುವ ಸಂಕೇತಗಳನ್ನು ಹಿಂದಿನಿಂದ ಓದುತ್ತ ಹೋಗಿ, ಮನುಷ್ಯರು ಓದಬಲ್ಲ ಪ್ರೋಗ್ರಾಮನ್ನು ಹವ್ಯಾಸಿಯೊಬ್ಬರು ಮರುನಿರ್ಮಿಸಿದರು. 2021ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಚಿತ್ರ, ಧ್ವನಿಗಳ ಮೂಲ ಕಡತಗಳಿದ್ದರೆ ಇಂದಿನ ಕಂಪ್ಯೂಟರುಗಳಲ್ಲೂ ಗುಂಡು ಗೋಡೆಗೆ ಬಡಿದು ಹಿಂದಿರುಗುತ್ತದೆ.

ಆಟವನ್ನು ಕೆಡಿಸಿದ್ದು ತುಕ್ಕಲ್ಲ. ಮಾಡಿದವರ ತಿಳಿವಳಿಕೆ ಬರಹದಲ್ಲಿ ಉಳಿಯದಿದ್ದರೆ, ಹನ್ನೆರಡೇ ವರ್ಷದಲ್ಲಿ ಯಂತ್ರವೊಂದು ಪುರಾತನ ಶಾಸನದಷ್ಟೇ ದುರ್ಬೋಧವಾಗಬಲ್ಲದು.