ಮಹಿಷಾಸುರಮರ್ದಿನಿ (ಶಿಲ್ಪ)

ಕೋಣನ ರೂಪದ ಅಸುರನನ್ನು ಸಂಹರಿಸುವ ದುರ್ಗೆಯ ಮೂರ್ತಿ. ಇದರ ಕಥೆಗೆ ಮುಖ್ಯ ಆಕರ ಮಾರ್ಕಂಡೇಯ ಪುರಾಣದಲ್ಲಿ ಅಡಕವಾಗಿರುವ, 13 ಅಧ್ಯಾಯಗಳ ದೇವೀಮಾಹಾತ್ಮ್ಯೆ. ಮಹಿಷನಿಂದ ಸ್ವರ್ಗಭ್ರಷ್ಟರಾದ ದೇವತೆಗಳ ತೇಜಸ್ಸೆಲ್ಲವೂ ಒಂದುಗೂಡಿ ದೇವಿಯಾಗಿ ಮೈದಳೆಯಿತೆಂದೂ, ಆಕೆಗೆ ಶಿವನು ತ್ರಿಶೂಲವನ್ನು, ವಿಷ್ಣುವು ಚಕ್ರವನ್ನು, ವರುಣನು ಶಂಖವನ್ನು, ಹಿಮವಂತನು ಸಿಂಹವಾಹನವನ್ನು ಇತ್ತರೆಂದೂ ಅದು ವರ್ಣಿಸುವುದರಿಂದ, ಮೂರ್ತಿಯ ಬಹುಭುಜಗಳು ಸಮಸ್ತ ದೇವತೆಗಳ ಬಲವೂ ಒಂದೆಡೆ ನೆಲಸಿದುದರ ಕುರುಹೆನಿಸುವುವು.

ಇತಿಹಾಸ: ಮಥುರೆಯಲ್ಲಿ ದೊರೆತಿರುವ ಕುಶಾನರ ಕಾಲದ ಚಿಕ್ಕ ಫಲಕಗಳಲ್ಲಿ ದೇವಿಯು ಕೋಣನ ಬೆನ್ನನ್ನು ಕೈಯಿಂದ ಅದುಮಿ ಹಿಡಿದಿರುವಳು. ವಿದಿಶೆಯ ಬಳಿಯ ಉದಯಗಿರಿಯಲ್ಲಿ, ಕ್ರಿ.ಶ. 401ರ ಶಾಸನವುಳ್ಳ ಗುಹೆಯ ಹೊರಮೈಯಲ್ಲಿ, ಆಕೆ ಹನ್ನೆರಡು ತೋಳುಗಳನ್ನು ತಳೆದು, ಕೋಣನ ತಲೆಯನ್ನು ಪಾದದಿಂದ ಮೆಟ್ಟಿರುವಳು. ಬಾದಾಮಿಯ ಮೊದಲನೆಯ ಗುಹೆಯಲ್ಲಿ ಚಾಲುಕ್ಯರ ರೂವಾರಿಗಳು ಕೆಂಪು ಮರಳುಗಲ್ಲಿನಲ್ಲಿ, ಬಾಲವನ್ನು ಹಿಡಿದೆತ್ತಿ ತ್ರಿಶೂಲದಿಂದ ಇರಿಯುವ ಚತುರ್ಭುಜೆಯನ್ನು ಕಂಡರಿಸಿದರು. ಐಹೊಳೆಯ ದುರ್ಗದ ಗುಡಿಯ ಪ್ರದಕ್ಷಿಣಾಪಥದ ಗೂಡಿನಲ್ಲಿ ಅದೇ ದೇವಿ ಸಿಂಹಸಹಿತಳಾಗಿ, ಅಷ್ಟಭುಜೆಯಾಗಿ ನಿಂತಳು.

ಏಳನೆಯ ಶತಮಾನದಲ್ಲಿ ಪಲ್ಲವರು ಮಾಮಲ್ಲಪುರದ ಮಹಿಷಮರ್ದಿನಿ ಮಂಟಪದ ಗಟ್ಟಿ ಕಗ್ಗಲ್ಲಿನಲ್ಲಿ ಈ ವಸ್ತುವಿಗೆ ಯುದ್ಧದ ವಿಸ್ತಾರವನ್ನೇ ನೀಡಿದರು. ಅಲ್ಲಿ ಸಿಂಹಾರೂಢಳಾದ ದೇವಿಯು ಬಿಲ್ಲನ್ನು ಸೆಳೆದು, ಗಣಗಳೊಡನೆ ಮುನ್ನುಗ್ಗುತ್ತಿರುವಳು. ಎದುರಿಗೆ ಕೋಣನ ತಲೆಯೂ ಮನುಷ್ಯನ ಮೈಯೂ ಉಳ್ಳ ಅಸುರನು ಗದೆಯನ್ನು ಎರಡೂ ಕೈಗಳಿಂದ ಹಿಡಿದು, ಇನ್ನೂ ಸೋಲೊಪ್ಪದಿದ್ದರೂ, ಹಿಂದಕ್ಕೆ ಬಾಗಿರುವನು. ಸಂಹಾರವನ್ನು ತೋರಿಸದೆಯೇ ಆ ಎರಡು ದೇಹಗಳ ಓಟದಿಂದಲೇ ಕಾಳಗದ ಗತಿಯನ್ನು ನಿಶ್ಚಯಿಸಿರುವ ಶಿಲ್ಪಿಯ ಪ್ರತಿಭೆ ಅಸಾಧಾರಣವಾದುದು. ಮುಂದಿನ ಕಾಲದ ಅನೇಕ ಮೂರ್ತಿಗಳಲ್ಲಿ, ಪುರಾಣೋಕ್ತಿಯನ್ನು ಅನುಸರಿಸಿ, ಕಡಿದ ಕೋಣನ ಕೊರಳಿನಿಂದ ಅಸುರನು ನರರೂಪದಲ್ಲಿ ಹೊರಬರುವನು. ಹೊಯ್ಸಳರ ರೂವಾರಿಗಳು ಮೃದುವಾದ ಬಳಪದ ಕಲ್ಲಿನಲ್ಲಿ ಈ ದೇವಿಯ ಕಿರೀಟ ಹಾರಗಳನ್ನೂ ಆಯುಧಗಳನ್ನೂ ಅತಿಸೂಕ್ಷ್ಮವಾಗಿ ಬಿಡಿಸಿದರು.

ಸಂಕೇತಾರ್ಥ: ಉಪಾಸಕರು ಮಹಿಷನಲ್ಲಿ ತಮಸ್ಸನ್ನೂ ಅಹಂಕಾರವನ್ನೂ, ತ್ರಿಶೂಲದಲ್ಲಿ ಅವನ್ನು ಛೇದಿಸುವ ಜ್ಞಾನವನ್ನೂ ಕಾಣುವರು. ಈ ದರ್ಶನಕ್ಕೆ ಆಧಾರವಾಗಿರುವುದು ದೇವಿಯ ಮುಖಮುದ್ರೆ: ತೋಳುಗಳು ಪ್ರಹಾರದಲ್ಲಿ ತೊಡಗಿರುವಾಗಲೂ ಉತ್ತಮ ಮೂರ್ತಿಗಳ ಮೊಗದಲ್ಲಿ ದ್ವೇಷದ ಛಾಯೆಯಿಲ್ಲ. ಸಂಹಾರವೂ ಅನುಗ್ರಹವೇ ಎಂಬ ಶಾಕ್ತ ಶ್ರದ್ಧೆಯನ್ನು ಶಿಲ್ಪಿಗಳು ಹೀಗೆ ಕಲ್ಲಿನಲ್ಲಿ ನಿಲ್ಲಿಸಿದರು. ಘೋರವಾದ ಈ ಕಥೆಯ ನಾಯಿಕೆ ಮೈಸೂರಿನ ಬೆಟ್ಟದಲ್ಲಿ ಚಾಮುಂಡೇಶ್ವರಿಯೆಂಬ ಹೆಸರಿನಿಂದ ಜನರಿಗೆ ತಾಯಿಯಾಗಿ ಪೂಜೆಗೊಳ್ಳುತ್ತಿರುವಳು.