ಶಿರಾಡಿ ಘಾಟಿ

ಬೆಂಗಳೂರನ್ನು ಮಂಗಳೂರು ಕರಾವಳಿಗೆ ಬೆಸೆಯುವ ರಾಷ್ಟ್ರೀಯ ಹೆದ್ದಾರಿ 75ರ (ಹಿಂದೆ 48) ಘಟ್ಟದ ಭಾಗ. ಹಾಸನ ಜಿಲ್ಲೆಯ ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ ಮೂಲಕ ಇಳಿದು ದಕ್ಷಿಣ ಕನ್ನಡದ ಗುಂಡ್ಯ ತಲುಪುತ್ತದೆ. ಕಾಫಿ ತೋಟದ ತಂಪು ಮುಗಿದು ಅಡಿಕೆ ತೋಟದ ಸೆಕೆ ಶುರುವಾಗುವುದು ಈ ಇಳಿಜಾರಿನಲ್ಲೇ. ಕೆಂಪುಹೊಳೆ ಬಹುದೂರ ರಸ್ತೆಯ ಮಗ್ಗುಲಲ್ಲೇ ಹರಿಯುತ್ತದೆ. ಮಳೆಗಾಲದಲ್ಲಿ ಕೆಸರುಗೆಂಪಾಗಿ ಮೊರೆಯುವ ಅದರ ಸದ್ದು ಬಸ್ಸಿನೊಳಗೂ ಕೇಳುತ್ತದೆ. ಪ್ರತಿ ಮಳೆಗೂ ಗುಂಡಿಬೀಳುತ್ತಿದ್ದ ಡಾಂಬರಿನ ಬದಲು 2015 ಮತ್ತು 2018ರಲ್ಲಿ, ಸಂಚಾರ ನಿಲ್ಲಿಸಿ, ಎರಡು ಹಂತಗಳಲ್ಲಿ ಕಾಂಕ್ರೀಟ್ ಹಾಕಲಾಯಿತು. ಆದರೆ ಮುಖ್ಯ ತೊಂದರೆ ರಸ್ತೆಯದಲ್ಲ, ಗುಡ್ಡದ್ದು: 2018ರ ಆಗಸ್ಟ್‌ನಲ್ಲಿ ಭೂಕುಸಿತಕ್ಕೆ ದಾರಿ ಮತ್ತೆ ಮುಚ್ಚಿತು. ನಾಲ್ಕು ಪಥಕ್ಕೆಂದು ಇಳಿಜಾರನ್ನು ನೆಟ್ಟಗೆ ಕಡಿದ ದೋಣಿಗಾಲ್ ಬಳಿ ಮಣ್ಣು ಪದೇ ಪದೇ ಜರಿದಿದೆ. ಘಾಟಿ ಬಂದಾದಾಗ ವಾಹನಗಳು ಚಾರ್ಮಾಡಿ ಅಥವಾ ಸಂಪಾಜೆ ಮಾರ್ಗ ಹಿಡಿಯುತ್ತವೆ.